ಗೇಟು ಮಾವನ ಕಂಪ್ಯೂಟರಿಗೆ ಕಾವಲು ಯಾರು?

ಮನೆಯ ಕಂಪ್ಯೂಟರ್ ಕೆಟ್ಟರೆ ತಪ್ಪು ಯಾರ ತಲೆಗೆ ಬರುತ್ತದೆ ಹೇಳಿ? ಕೊನೆಯದಾಗಿ ಅದನ್ನು ಮುಟ್ಟಿದವರ ತಲೆಗೆ. ಅದಕ್ಕೇ ಗುರುವಾರ ಬೆಳಿಗ್ಗೆ ಸೊಸೆ ಪುಟ್ಟ ಕೋಣೆಯಿಂದ ಸಪ್ಪೆ ಮುಖ ಹಾಕಿಕೊಂಡು ಹೊರಗೆ ಬಂದದ್ದೇ ತಡ, ಗೇಟು ಮಾವ ಯಾರೂ ಕೇಳದೆಯೇ ಹೇಳಿಬಿಟ್ಟರು.

"ನಾನೇನೂ ಮಾಡಿಲ್ಲಮ್ಮ! ಪೇಪರ್ ಓದಿದೆ, ಮುಚ್ಚಿದೆ, ಅಷ್ಟೇ."

"ನೀವು ಅಂತ ಯಾರು ಹೇಳಿದ್ರು ಮಾವ? ಬನ್ನಿ, ಕೇಳಿ ಇಲ್ಲಿ."

ಸೊಸೆ ಅಂಧ ಮಕ್ಕಳ ಶಾಲೆಗೆ ಪಾಠಗಳನ್ನು ಓದಿ ಧ್ವನಿಮುದ್ರಣ ಮಾಡಿಕೊಡುತ್ತಾಳೆ. ರಸ್ತೆಯ ಸದ್ದು ಒಳಗೆ ಬರದಂತೆ ಪುಟ್ಟ ಕೋಣೆಯ ಗೋಡೆಗಳಿಗೆಲ್ಲ ಹಳೆಯ ಕಂಬಳಿ ಹೊದಿಸಿದ್ದಾಳೆ. ಇಡೀ ಚರಿತ್ರೆ ಪುಸ್ತಕದಲ್ಲಿ ನಲವತ್ತಾರು ಪಾಠ. ನಲವತ್ತೊಂದು ಮುಗಿದಿವೆ. ಮೊದಲ ಭಾಗವನ್ನು ಮಕ್ಕಳು ಆಗಲೇ ಕೇಳುತ್ತಿದ್ದಾರೆ. ಪರೀಕ್ಷೆ ಹತ್ತಿರ ಬಂದಿದೆ, ಸೋಮವಾರ ಉಳಿದದ್ದನ್ನೆಲ್ಲ ಶಾಲೆಗೆ ತಲುಪಿಸಬೇಕು.

ಅವಳು ಗುಂಡಿ ಒತ್ತಿದಳು. "ರಾಜನು ತನ್ನ ಸೈ... ಸೈ... ಯದೊಂದಿಗೆ..." ಎಂದು ಅವಳದೇ ಧ್ವನಿ ಬಿಕ್ಕಳಿಸಿತು. ಅಷ್ಟರಲ್ಲಿ ಪರದೆಯ ಮೂಲೆಯಲ್ಲಿ ಹಳದಿ ಚೌಕವೊಂದು ಪುಟಿದೆದ್ದಿತು: "ನಿಮ್ಮ ಕಂಪ್ಯೂಟರಿನ ರಕ್ಷಣೆ ಮೂರು ದಿನದಲ್ಲಿ ಮುಗಿಯುತ್ತದೆ. ಈಗಲೇ ಹಣ ಕಟ್ಟಿ."

"ಕಂಪ್ಯೂಟರ್ ಜೊತೆಗೇ ಬಂದಿದ್ದು ಮಾವ ಇದು. ನೋಡೋಕೆ ಅಂತ ಸ್ವಲ್ಪ ದಿನ ಪುಕ್ಕಟೆ ಕೊಟ್ಟಿರ್ತಾರೆ. ಅದು ಮುಗಿಯುತ್ತಲ್ಲ ಅಂತ ನಾನು ಮೊನ್ನೆ ಇನ್ನೊಂದು ಉಚಿತದ್ದು ಹಾಕ್ಕೊಂಡಿದ್ದೀನಿ. ಅದೇ ಸಾಕು."

ಗೇಟು ಮಾವ ಮೂಗು ಮುರಿದರು. ಮೂವತ್ತೊಂದು ವರ್ಷ ಕಾರ್ಖಾನೆಯ ಗೇಟು ಕಾದು ನಿವೃತ್ತರಾದವರು ಅವರು. ಗೇಟು ಬಿಟ್ಟರೂ ಗೇಟಿನ ಹೆಸರು ಅವರನ್ನು ಬಿಡಲಿಲ್ಲ, ಬಿಡುವುದು ಅವರಿಗೂ ಇಷ್ಟವಿರಲಿಲ್ಲ. ಕಾವಲಿನ ವಿಷಯ ಬಂದರೆ ಅವರೆದುರು ಯಾರೂ ಬಾಯಿ ಬಿಡುವಂತಿಲ್ಲ.

"ಸಂಬಳ ಇಲ್ಲದೆ ಯಾರಮ್ಮ ಕಾವಲು ಕಾಯ್ತಾರೆ? ಕಾದರೂ ನಿದ್ದೆ ಹೊಡೀತಾರೆ. ದುಡ್ಡು ಕಟ್ಟಿ ಒಳ್ಳೇದನ್ನೇ ತಗೋ."

"ಎಲ್ಲದಕ್ಕೂ ದುಡ್ಡು ಕಟ್ಟೋಕಾಗುತ್ತಾ ಮಾವ? ನನ್ನ ಗೆಳತಿಯರೆಲ್ಲ ಉಚಿತದ್ದೇ ಇಟ್ಕೊಂಡಿದ್ದಾರೆ."

ಇಬ್ಬರೂ ಪಟ್ಟು ಬಿಡಲಿಲ್ಲ. ಮಾತು ಅಲ್ಲಿಗೇ ನಿಂತಿತು. ಸೊಸೆ ಚೀಲ ಹೆಗಲಿಗೇರಿಸಿಕೊಂಡು, ಮಕ್ಕಳ ಉಳಿದ ಪಾಠಗಳ ಬಗ್ಗೆ ಮಾತಾಡಲು ಶಾಲೆಗೆ ಹೊರಟಳು.

ಅವಳು ಆ ಕಡೆ ಹೋದಳು, ಈ ಕಡೆ ಪುಕ್ಕಟೆ ಬಂದ. ಮಾವನ ಜೊತೆ ಅದೇ ಕಾರ್ಖಾನೆಯಲ್ಲಿ ದುಡಿದ ಹಳೆಯ ಸ್ನೇಹಿತ. ಯಾವ ಅಂಗಡಿಯಲ್ಲಿ ಏನು ಬಿಟ್ಟಿ ಕೊಡುತ್ತಾರೆಂದು ಅಂಗಡಿಯವನಿಗಿಂತ ಮೊದಲು ಅವನಿಗೆ ಗೊತ್ತಿರುತ್ತಿತ್ತು, ಹೆಸರು ಬಂದದ್ದು ಹಾಗೆ. ಹಳದಿ ಚೌಕದ ಕಥೆ ಕೇಳಿ ಅವನ ಮುಖ ಅರಳಿತು. ಜೇಬಿನಿಂದ ಒಂದು ಪೆನ್‌ಡ್ರೈವ್ ತೆಗೆದ.

"ಏನಯ್ಯ ಗೇಟು, ಇಷ್ಟಕ್ಕೆ ಮಾವ ಸೊಸೆ ಜಗಳಾನಾ? ಇದರಲ್ಲಿರೋದು ದುಡ್ಡು ಕೊಟ್ಟು ತಗೊಳ್ಳೋ ಆಂಟಿವೈರಸ್ಸೇ. ಆದರೆ ದುಡ್ಡಿಲ್ಲ! ಹೇಗೆ?"

"ಅದ್ಹೇಗಯ್ಯ?"

"ಯಾರೋ ಪುಣ್ಯಾತ್ಮ ಬೀಗ ಒಡೆದು ಎಲ್ಲರಿಗೂ ಹಂಚ್ತಾ ಇದ್ದಾನೆ. ನಮ್ಮನೇಲಿ ಹಾಕಿ ಆರು ತಿಂಗಳಾಯ್ತು."

ಮಾವನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ತಮ್ಮ ಮಾತೂ ಉಳಿಯಿತು, ಸೊಸೆಯ ಹಣವೂ ಉಳಿಯಿತು. ಅವಳು ಬರುವಷ್ಟರಲ್ಲಿ ಕೆಲಸ ಮುಗಿಸಿ ಬೆರಗು ಮಾಡಬೇಕೆಂದು ಕನ್ನಡಕ ಏರಿಸಿಕೊಂಡು ಕುಳಿತರು. ಪೆನ್‌ಡ್ರೈವ್ ಚುಚ್ಚಿದ್ದಾಯಿತು. ಪುಕ್ಕಟೆ ಒಂದು ಮಡಚಿದ ಚೀಟಿ ಬಿಡಿಸಿ ಓದತೊಡಗಿದ.

"ಮೊದಲನೇದು. ಕಂಪ್ಯೂಟರಿನಲ್ಲಿ ಈಗಿರುವ ರಕ್ಷಣೆಯನ್ನೆಲ್ಲ ನಿಲ್ಲಿಸಿ."

ಮಾವ ಒಂದನ್ನು ನಿಲ್ಲಿಸಿದರು. ಇನ್ನೊಂದಕ್ಕೆ ಕೈ ಹಾಕುವಷ್ಟರಲ್ಲಿ ಪರದೆಯ ಮೇಲೆ ಕೆಂಪು ಪಟ್ಟಿ ಬಂತು: "ಈ ಪೆನ್‌ಡ್ರೈವ್‌ನಲ್ಲಿ ಅಪಾಯವಿದೆ."

"ಹೆದರಬೇಡ, ಅದನ್ನೂ ಬರೆದಿದ್ದಾರೆ," ಎಂದ ಪುಕ್ಕಟೆ. "ಎರಡನೇದು. ಕೆಂಪು ಎಚ್ಚರಿಕೆ ಬಂದರೆ ಗಮನಿಸಬೇಡಿ, 'ಬಿಟ್ಟುಬಿಡು' ಎಂದು ಒತ್ತಿ."

ಗೇಟು ಮಾವನ ಬೆರಳು ಅಲ್ಲೇ ನಿಂತಿತು. "ಇನ್ನೊಂದ್ಸಲ ಓದಯ್ಯ."

ಪುಕ್ಕಟೆ ಮತ್ತೆ ಓದಿದ. ಮಾವ ಕನ್ನಡಕ ತೆಗೆದರು.

"ನಮ್ಮ ಗೇಟಲ್ಲಿ ಪದ್ಧತಿ ಏನಿತ್ತು? ಹೊಸಬ ಬಂದು, ಪುಸ್ತಕದಲ್ಲಿ ಸಹಿ ಹಾಕಿ, ಕೀಲಿಕೈ ಎಣಿಸಿ ತಗೊಂಡ ಮೇಲೆ ಹಳಬ ಗೇಟು ಬಿಡಬೇಕು. ಒಂದು ನಿಮಿಷಾನೂ ಗೇಟು ಖಾಲಿ ಇರಬಾರದು. ನೆನಪಿದೆಯಾ, ಒಂದ್ಸಲ ಒಬ್ಬ ಇಸ್ತ್ರಿ ಮಾಡಿದ ಯೂನಿಫಾರ್ಮ್ ಹಾಕ್ಕೊಂಡು ಬಂದು, 'ಆಫೀಸಿಂದ ಕಳಿಸಿದ್ದಾರೆ, ನೀವು ಮನೆಗೆ ಹೋಗಿ' ಅಂದಿದ್ದ?"

"ನೆನಪಿಲ್ಲದೆ ಏನು? ನೀನು ಕಾಗದ ಕೇಳಿದ ತಕ್ಷಣ ಕಾಲಿಗೆ ಬುದ್ಧಿ ಹೇಳಿದ. ಹಿಂದೆ ತಿರುವಿನಲ್ಲಿ ಅವನ ಲಾರಿ ನಿಂತಿತ್ತು."

"ಹಾಗಾದ್ರೆ ಇವನು ಯಾರಯ್ಯ? ಒಳಗೆ ಕಾಲಿಡೋ ಮೊದಲೇ ಇರೋರನ್ನೆಲ್ಲ ಕಳಿಸು ಅಂತಾನೆ, ಕೂಗಿದರೆ ಕೇಳಿಸ್ಕೋಬೇಡ ಅಂತಾನೆ!"

ಮಾವ ತಟ್ಟನೆ ಎದ್ದು ನಿಂತರು. ಒಂದು ಕಾವಲನ್ನು ತಮ್ಮ ಕೈಯಾರೆ ಆಗಲೇ ಕಳಿಸಿಬಿಟ್ಟಿದ್ದಾರೆ. ಒಳಗಿರುವುದು ಸೊಸೆಯ ನಲವತ್ತೊಂದು ಪಾಠ, ಮೂರು ತಿಂಗಳ ಗಂಟಲು. ಅವುಗಳಿಗೇನಾದರೂ ಆದರೆ ಮಕ್ಕಳಿಗೆ ಏನು ಹೇಳುವುದು? ಗೇಟಿನಲ್ಲಿ ಒಂದು ದಿನವೂ ತಪ್ಪದವರು ಮನೆಯಲ್ಲಿ ತಪ್ಪಿದರಲ್ಲ ಎಂದು ಅವರಿಗೆ ನಾಚಿಕೆಯೂ ಆಯಿತು, ಅಳುವೂ ಬಂತು. ಪೆನ್‌ಡ್ರೈವ್ ಕಿತ್ತು, ಇಂಟರ್ನೆಟ್ಟಿನ ತಂತಿ ಎಳೆದು, ಚಪ್ಪಲಿ ಕೂಡ ಮೆಟ್ಟದೆ ರಸ್ತೆ ದಾಟಿದರು.

ಎದುರಿನ ಸಾಲಿನಲ್ಲೇ ರಿಪೇರಿ ಅಕ್ಕನ ಅಂಗಡಿ. ಕಂಪ್ಯೂಟರ್ ರಿಪೇರಿಯಲ್ಲಿ ಆ ಬೀದಿಗೆಲ್ಲ ಅವಳೇ ಗತಿ. ಮಾವನ ಬರಿಗಾಲು ನೋಡಿಯೇ ಅವಳು ಎದ್ದು ಬಂದಳು. ಕುಳಿತು ಕಂಪ್ಯೂಟರನ್ನು ಮೂಲೆಮೂಲೆಯೂ ಬಿಡದೆ ತಪಾಸಣೆ ಮಾಡಿದಳು. ಆ ಮುಕ್ಕಾಲು ಗಂಟೆ ಮಾವ ಕೈ ಕೈ ಹಿಸುಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ಸೊಸೆಯೂ ಅಷ್ಟರಲ್ಲಿ ಬಂದಳು.

"ಏನೂ ಒಳಗೆ ಬಂದಿಲ್ಲ ಗೇಟು ಮಾವ. ಪಾಠ ಎಲ್ಲ ಹಾಗೇ ಇದೆ," ಎಂದಳು ರಿಪೇರಿ ಅಕ್ಕ. "ಆದರೆ ಆ ಪೆನ್‌ಡ್ರೈವ್‌ನಲ್ಲಿರೋದು ಆಂಟಿವೈರಸ್ ಅಲ್ಲ, ಅದರ ವೇಷ ಹಾಕಿರೋ ಕಳ್ಳ. ನೀವು ಅಷ್ಟಕ್ಕೇ ಕೈ ತಡೆದದ್ದೇ ಒಳ್ಳೇದಾಯ್ತು."

ಪುಕ್ಕಟೆ ಮೆಲ್ಲಗೆ ಕೆಮ್ಮಿದ. "ಅದಕ್ಕೇನೋ ನಮ್ಮ ಬೀಗರು ಫೋನ್ ಮಾಡಿ, 'ನಮಗ್ಯಾಕ್ರೀ ದಿನಾ ಹಲ್ಲು ಬಿಳುಪು ಮಾಡೋ ಔಷಧಿ ಜಾಹೀರಾತಿನ ಇ-ಮೇಲ್ ಕಳಿಸ್ತೀರ' ಅಂತ ಬೈತಾರೆ. ನಾನು ಕಳಿಸೇ ಇಲ್ಲ ಕಣಮ್ಮ!"

ಸೊಸೆಗೆ ಸಿಟ್ಟು ಬರಬೇಕಿತ್ತು, ನಗು ಬಂತು. ಮಾವನಿಗೆ ಮಾತ್ರ ಇನ್ನೂ ಸಮಾಧಾನವಿಲ್ಲ.

"ಈಗ ನೀನೇ ತೀರ್ಮಾನ ಹೇಳಮ್ಮ. ದುಡ್ಡು ಕೊಡೋದೋ, ಪುಕ್ಕಟೆಯೋ?"

"ನಿಮ್ಮನೆಗೆ ಪುಕ್ಕಟೆ ಸಾಕು ಮಾವ."

"ಸಂಬಳ ಇಲ್ಲದ ಕಾವಲಾ?"

"ಸಂಬಳ ಕೊಟ್ಟಾಗಿದೆ! ಈಗ ಬರೋ ಕಂಪ್ಯೂಟರ್‌ಗಳಲ್ಲಿ ಹೆಚ್ಚಿನದರಲ್ಲಿ ಅದನ್ನ ನಡೆಸೋ ತಂತ್ರಾಂಶದ ಜೊತೆಗೇ ಒಂದು ಕಾವಲು ಇರುತ್ತೆ. ಕಂಪ್ಯೂಟರ್ ಕೊಂಡಾಗ್ಲೇ ಅದರ ಬೆಲೆ ಕೊಟ್ಟಿರ್ತೀರ. ಮನೆ ಕೆಲಸಕ್ಕೆ ಅದು ಚೆನ್ನಾಗೇ ಇದೆ. ಬೇರೆ ಕಾವಲಿನವರು ಬಂದರೆ ಅದು ಪಕ್ಕಕ್ಕೆ ಸರಿಯುತ್ತೆ, ಅವರು ಹೋದರೆ ತಾನೇ ಬಂದು ನಿಲ್ಲುತ್ತೆ."

"ಗೇಟು ಖಾಲಿ ಬಿಡೋದಿಲ್ಲ ಅನ್ನು!" ಮಾವನಿಗೆ ಆ ಕಾವಲಿನ ಮೇಲೆ ತಟ್ಟನೆ ಗೌರವ ಬಂತು.

"ನಿಮ್ಮಲ್ಲಿ ಹಳದಿ ಚೌಕದ್ದೊಂದು, ಇವಳು ಹಾಕಿದ್ದೊಂದು, ಎರಡೂ ಸೇರಿ ಒಂದೊಂದು ಫೈಲನ್ನೂ ಎರಡೆರಡು ಸಲ ತಡವಿ ನೋಡ್ತಿದ್ದವು. ಅದಕ್ಕೇ ಪಾಠದಲ್ಲಿ ರಾಜ ಬಿಕ್ಕಳಿಸಿದ್ದು, ನಾನೂ ಹಾಕಿ ಕೇಳಿದೆ. ಎರಡನ್ನೂ ತೆಗೀತೀನಿ."

"ನಾನು ಹಾಕಿದ ಉಚಿತದ್ದೂ ಕೆಟ್ಟದ್ದಾ ಅಕ್ಕ?" ಎಂದು ಸೊಸೆ ಕೇಳಿದಳು.

"ಎಲ್ಲಾ ಉಚಿತದ್ದೂ ಕೆಟ್ಟದ್ದಲ್ಲ ಕಣೇ. ಆದರೆ ಕೆಲವು ಜಾಹೀರಾತು ತೋರಿಸ್ತವೆ, ಕೆಲವು ನೀನು ಎಲ್ಲಿಗೆ ಹೋದೆ ಬಂದೆ ಅಂತ ಬರೆದುಕೊಳ್ತವೆ. ಒಪ್ಪಿಗೆ ಒತ್ತೋ ಮುಂಚೆ ಓದ್ಬೇಕು. ಹಾಕೋದಾದ್ರೆ ತಯಾರಿಸಿದ ಕಂಪನಿಯ ತಾಣದಿಂದಲೇ ತಗೋಬೇಕು. ಮತ್ತೆ ಅಪ್‌ಡೇಟ್ ಮಾಡು ಅಂದಾಗ 'ಆಮೇಲೆ' ಅಂತ ಒತ್ತಬಾರದು. ನೀನು ಎಷ್ಟು ಸಲ ಒತ್ತಿದ್ದೀಯ ನೋಡಿದೆ."

ಸೊಸೆ ನಾಲಿಗೆ ಕಚ್ಚಿಕೊಂಡಳು. "ಓದ್ತಿರುವಾಗ ಮಧ್ಯೆ ಬರುತ್ತೆ ಅಕ್ಕ."

"ಊಟಕ್ಕೆ ಏಳುವಾಗ ಹಾಕಿ ಹೋಗು. ಉಳಿದ ದುಡ್ಡಲ್ಲಿ ಒಂದು ಬೇರೆ ಡಿಸ್ಕ್ ತಗೋ. ಪಾಠಗಳ ಪ್ರತಿ ಅದರಲ್ಲಿ ಹಾಕಿ, ತಂತಿ ಕಿತ್ತು ಬೀರುವಿನಲ್ಲಿಡು. ಎಂಥ ಕಾವಲಿದ್ರೂ ಕಂಪ್ಯೂಟರೇ ಕೆಟ್ಟರೆ ಏನ್ ಮಾಡ್ತೀಯ?"

"ಹಾಗಾದ್ರೆ ದುಡ್ಡು ಕೊಟ್ಟು ತಗೊಳ್ಳೋರೆಲ್ಲ ದಡ್ಡರಾ?" ಮಾವ ಪಟ್ಟು ಪೂರ್ತಿ ಬಿಟ್ಟಿರಲಿಲ್ಲ.

ರಿಪೇರಿ ಅಕ್ಕ ಪುಕ್ಕಟೆಯ ಕಡೆ ತಿರುಗಿದಳು. "ನಿಮ್ಮನೇಲಿ ಎಷ್ಟು ಫೋನು, ಎಷ್ಟು ಕಂಪ್ಯೂಟರು?"

"ಎರಡು ಕಂಪ್ಯೂಟರು, ನಾಲ್ಕು ಫೋನು. ಮೊಮ್ಮಕ್ಕಳು ಏನು ಸಿಕ್ಕಿದರೂ ಒತ್ತುತ್ತವೆ. ನಾನೂ ಒತ್ತುತ್ತೀನಿ."

"ದುಡ್ಡು ಕೊಟ್ಟು ತಗೋಬೇಕಾದವರು ನೀವೇ! ಒಂದೇ ಸಲಕ್ಕೆ ಎಲ್ಲಕ್ಕೂ ಹಾಕ್ಬಹುದು, ಮಕ್ಕಳು ನೋಡಬಾರದ್ದನ್ನ ತಡೀಬಹುದು, ಗೊತ್ತಾಗದಿದ್ರೆ ಫೋನ್ ಮಾಡಿ ಕೇಳ್ಬಹುದು. ಮೊದಲನೇ ವರ್ಷ ಕಡಿಮೆ ಬೆಲೆ ಹೇಳಿ ಎರಡನೇ ವರ್ಷ ಜಾಸ್ತಿ ಮಾಡ್ತಾರೆ, ಅದನ್ನ ಮಾತ್ರ ನೋಡ್ಕೊಳ್ಳಿ. ಆದರೆ ಮೊದಲು ನಿಮ್ಮ ಕಂಪ್ಯೂಟರ್ ನನ್ನ ಅಂಗಡಿಗೆ ತನ್ನಿ, ಕಳ್ಳನ್ನ ಓಡಿಸ್ತೀನಿ. ಪಾಸ್‌ವರ್ಡ್ ಎಲ್ಲ ಬದಲಾಯಿಸ್ಬೇಕು."

ಹುಟ್ಟಿದಾಗಿನಿಂದ ಬಿಟ್ಟಿಯಲ್ಲೇ ಬೆಳೆದವನ ಮುಖ ನೋಡಬೇಕಿತ್ತು. ಗೇಟು ಮಾವ ಹೊಟ್ಟೆ ಹಿಡಿದುಕೊಂಡು ನಕ್ಕರು. ದುಡ್ಡು ಕಟ್ಟು ಎಂದವರ ಮನೆಗೆ ಪುಕ್ಕಟೆ ಸಾಕಾಯಿತು, ಪುಕ್ಕಟೆಯೇ ದುಡ್ಡು ಕಟ್ಟುವಂತಾಯಿತು. ಎರಡು ದಿನ ಗೊಣಗಿದ, ಆಮೇಲೆ ಕಟ್ಟಿದ. ಬೀಗರ ಬೈಗುಳವೂ ನಿಂತಿತು.

ಬಿಕ್ಕಳಿಸಿದ್ದ ಪಾಠಗಳನ್ನು ಸೊಸೆ ಮತ್ತೆ ಓದಿದಳು, ಉಳಿದ ಐದನ್ನೂ ಮುಗಿಸಿದಳು. ಸೋಮವಾರ ಅವಳ ಜೊತೆ ಮಾವನೂ ಶಾಲೆಗೆ ಹೋದರು. ಮಕ್ಕಳು ಬೆಂಚಿನ ಮೇಲೆ ಸಾಲಾಗಿ ಕುಳಿತು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಮೊದಲೇ ಬಂದಿದ್ದ ಪಾಠಗಳನ್ನು ಕೇಳುತ್ತಿದ್ದರು. ಬಾಗಿಲಲ್ಲಿ ಹೆಜ್ಜೆ ಸದ್ದಾದ ಕೂಡಲೇ ಒಬ್ಬಳು ಹುಡುಗಿ ಹೆಡ್‌ಫೋನ್ ಸರಿಸಿ ತಲೆ ಎತ್ತಿದಳು.

"ಯಾರು?"

"ಪಾಠ ಓದೋ ಅಕ್ಕನ ಮಾವ ಕಣಮ್ಮ."

"ಹೌದಾ! ಅಕ್ಕನಿಗೆ ಹೇಳಿ, ಹನ್ನೆರಡನೇ ಪಾಠದಲ್ಲಿ ಯುದ್ಧ ನಡೀತಿರುವಾಗ ಅವರು ಸೀನಿದ್ದಾರೆ. ತೆಗೀಬೇಡಿ ಅಂತ ಹೇಳಿ. ಅಲ್ಲಿಗೆ ಬಂದಾಗ ನಾವೆಲ್ಲ ಒಟ್ಟಿಗೆ ನಗ್ತೀವಿ. ಯುದ್ಧದ ಇಸವಿ ನಮಗೆ ನೆನಪಿರೋದೇ ಅದರಿಂದ."

ಒಂದು ಗುಂಡಿ ಒತ್ತಿಬಿಟ್ಟಿದ್ದರೆ, ಮಕ್ಕಳ ಕೈಗೆ ಇನ್ನೂ ಬಾರದಿದ್ದ ಪಾಠಗಳ ಜೊತೆ ಏನೆಲ್ಲ ಹೋಗುತ್ತಿತ್ತು ಎಂದು ಮಾವನಿಗೆ ನಿಜವಾಗಿ ಅರ್ಥವಾದದ್ದು ಆ ಬಾಗಿಲಲ್ಲಿ. "ತೆಗೆಯಲ್ಲ ಮಗಳೇ," ಎಂದು ಮೆಲ್ಲಗೆ ಹೇಳಿದರು.

ಇದನ್ನು ಓದುತ್ತಿರುವವರೇ, ನಿಮ್ಮ ಮನೆಯ ಕಂಪ್ಯೂಟರಿನ ಒಳಗೂ ಆ ಸೀನಿನಂಥ ಬೆಲೆಯುಳ್ಳದ್ದೇನೋ ಒಂದು ಇದ್ದೇ ಇರುತ್ತದೆ. ಕಾವಲು ಪುಕ್ಕಟೆಯದ್ದೋ ದುಡ್ಡಿನದ್ದೋ ಎಂದು ಜಗಳವಾಡುವ ಮೊದಲು, ಈಗ ಅಲ್ಲಿ ಯಾರು ನಿಂತಿದ್ದಾರೆ, ಅವರು ಎಲ್ಲಿಂದ ಬಂದವರು, ಎಚ್ಚರವಾಗಿದ್ದಾರೋ ಇಲ್ಲವೋ ನೋಡಿ. ಒಬ್ಬರೇ ಸಾಕು, ಅಪ್‌ಡೇಟ್ ಮಾಡಿಕೊಡಿ. ಬೀಗ ಒಡೆದು ಹಂಚುವವನನ್ನು, 'ಇರುವ ಕಾವಲು ಕಳಿಸು' ಎನ್ನುವವನನ್ನು ಹೊಸ್ತಿಲಲ್ಲೇ ನಿಲ್ಲಿಸಿ. ಮತ್ತೆ ಸಿಗದಂಥದ್ದು ಏನಿದೆಯೋ, ಅದರ ಒಂದು ಪ್ರತಿ ಇವತ್ತೇ ಬೇರೆ ಕಡೆ ತೆಗೆದಿಡಿ. ನಾಳೆ ಎನ್ನಬೇಡಿ, ಈ ಹಾಳೆ ಕೆಳಗಿಟ್ಟ ಕೂಡಲೇ ಏಳಿ.