ಗೆರೆಯಿಲ್ಲದ ಮುಖ

ಮಗಳು ಏಳು ತಿಂಗಳಿಗೇ ಹುಟ್ಟಿದಳು. ಕಾವ್ಯಾಳಿಗೆ ಬಿಪಿ ಏರಿ, ಮಲ್ಕಾಜ್‌ಗಿರಿಯ ನರ್ಸಿಂಗ್ ಹೋಮಿನಲ್ಲಿ ಅವಸರದಿಂದ ಆಪರೇಷನ್ ಮಾಡಿ ಕೂಸನ್ನು ತೆಗೆದಿದ್ದರು. ಅವಳಿಗೆ ಎಚ್ಚರವಾಗುವುದರೊಳಗೆ ಕೂಸನ್ನು ಊರಿನ ಇನ್ನೊಂದು ತುದಿಯ ಮಕ್ಕಳ ಆಸ್ಪತ್ರೆಗೆ ಸಾಗಿಸಿಯಾಗಿತ್ತು. ತಾಯಿ ಇಲ್ಲಿ, ಮಗಳು ಅಲ್ಲಿ. ನಡುವೆ ಸ್ಕೂಟರಿನ ಮೇಲೆ ಶರಣಕುಮಾರ.

ಅವನು ರೈಲ್ವೆ ಆಫೀಸಿನಲ್ಲಿ ಗುಮಾಸ್ತ. ಕಾವ್ಯಾ ಮಾಧಾಪುರದ ಸಾಫ್ಟ್‌ವೇರ್ ಕಂಪನಿಯವಳು. ಆಗ ಆ ಕಡೆ ಬಂಡೆ ಒಡೆದಲ್ಲೆಲ್ಲ ಗಾಜಿನ ಕಟ್ಟಡಗಳು ಏಳುತ್ತಿದ್ದವು, ಕೆಲಸಕ್ಕೆ ಹಗಲು ರಾತ್ರಿ ಇರಲಿಲ್ಲ. ಹೆರಿಗೆಯ ಹಿಂದಿನ ದಿನವೂ ಅವಳು ಕಂಪ್ಯೂಟರ್ ಮುಂದೆ ಕೂತು, ಬಾತ ಕಾಲು ಎಳೆದುಕೊಂಡು ಮನೆಗೆ ಬಂದಿದ್ದಳು.

ಕಣ್ಣು ಬಿಟ್ಟವಳೇ ಕೇಳಿದಳು: "ಹೆಂಗದಾಳ್ರಿ? ಯಾರಂಗ ಅದಾಳ?"

ಗಾಜಿನ ಪೆಟ್ಟಿಗೆಯೊಳಗೆ ಮಲಗಿದ್ದ ಆ ಕೆಂಪು ಜೀವವನ್ನು ಶರಣಕುಮಾರ ಹೆದರಿ ಹೆದರಿ ನೋಡಿ ಬಂದಿದ್ದ. "ನಾಳೆ ಫೋಟೋ ತರ್ತೀನಿ" ಅಂದ.

ಫೋಟೋ ಅವನ ಹುಚ್ಚು. ಅವನದು ರೀಲು ಹಾಕುವ, ಕೈಯಿಂದಲೇ ಫೋಕಸ್ ಮಾಡುವ ಹಳೆಯ ಕ್ಯಾಮೆರಾ. ಆಸ್ಪತ್ರೆಯ ನರ್ಸು "ಫ್ಲಾಷ್ ಮಾತ್ರ ವದ್ದು ಸಾರ್" ಎಂದು ತೆಲುಗಿನಲ್ಲಿ ಹೇಳಿ, ಬೇಡವೆಂಬಂತೆ ತನ್ನ ಕಣ್ಣಿಗೆ ಕೈ ಅಡ್ಡ ಹಿಡಿದು ತೋರಿಸಿದಳು. ಅಲ್ಲಿ ಬೆಳಕು ಕಡಿಮೆ. ಲೆನ್ಸನ್ನು ಪೂರ್ತಿ ತೆರೆಯಬೇಕು. ಹಾಗೆ ತೆರೆದರೆ ದಾರದಷ್ಟು ಜಾಗ ಮಾತ್ರ ಚೊಕ್ಕ ಬರುತ್ತದೆ, ಅದರ ಹಿಂದೆ ಮುಂದೆ ಇರುವುದೆಲ್ಲ ಮಸುಕು. ಅವನ ಕ್ಯಾಮೆರಾದೊಳಗೆ ಕಣ್ಣಿಟ್ಟರೆ ಕಾಣುವ ಪರದೆಯ, ಅಂದರೆ ಫೋಕಸಿಂಗ್ ಸ್ಕ್ರೀನಿನ, ನಟ್ಟನಡುವೆ ಎರಡು ಹೋಳಾದ ಒಂದು ವೃತ್ತವಿತ್ತು. ಯಾವುದಾದರೂ ನೇರ ಗೆರೆಯ ಮೇಲೆ ಅದನ್ನಿಟ್ಟರೆ ಗೆರೆ ತುಂಡಾಗಿ ಕಾಣುತ್ತದೆ. ಎರಡು ತುಂಡು ಕೂಡುವ ತನಕ ಲೆನ್ಸ್ ತಿರುಗಿಸಬೇಕು. ದೊಡ್ಡವರಾದರೆ ಚಷ್ಮಾದ ಕಡ್ಡಿ ಇರುತ್ತದೆ, ಅಂಗಿಯ ಅಂಚು ಇರುತ್ತದೆ. ಕೂಸಿನ ಮುಖದಲ್ಲಿ ಏನಿದೆ? ಹಣೆ, ಗಲ್ಲ, ರೆಪ್ಪೆ ಎಲ್ಲವೂ ದುಂಡಗೆ, ಮೆತ್ತಗೆ. ಮೂಗಿಗೆ ಹಾಕಿದ್ದ ನಳಿಗೆ ಜಾರದಂತೆ ಗಲ್ಲಕ್ಕೆ ಅಂಟಿಸಿದ್ದ ಪಟ್ಟಿಯ ಅಂಚೊಂದೇ ನೇರ ಗೆರೆ. ಅದನ್ನೇ ಕೂಡಿಸಿ ಒತ್ತಿದ.

ಮರುದಿನ ಕಾವ್ಯಾ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಪಟ್ಟಿಯ ನೇಯ್ಗೆ ಸಹ ಎಳೆ ಎಳೆಯಾಗಿ ಕಾಣುತ್ತಿತ್ತು. ಅದರ ಹಿಂದೆ ಕೂಸಿನ ಮುಖ ಹೊಗೆಯೊಳಗೆ ಇದ್ದಂತಿತ್ತು. ಧೂಳು ಕೂತಿದೆಯೆಂದು ಅವಳು ಸೆರಗಿನಿಂದ ಒರೆಸಿದಳು. ಮತ್ತೆ ಒರೆಸಿದಳು.

"ನಳಿಗಿ ಕಾಣಾಕತ್ತೈತ್ರಿ. ನನ್ನ ಮಗಳ ಎಲ್ಲದಾಳ?"

ಅದರ ಮರುದಿನ ತಂದವೂ ಹಾಗೇ ಇದ್ದವು. ಅವಳು ಫೋಟೋಗಳನ್ನು ಬೋರಲಾಗಿ ದಿಂಬಿನಡಿ ಇಟ್ಟು ಗೋಡೆಯ ಕಡೆ ಹೊರಳಿದಳು. ಹತ್ತಿರ ಕೂತಿದ್ದ ಅವಳ ತಾಯಿ ಸೂಗಮ್ಮ ಅಳಿಯನ ಮುಖ ನೋಡಿದಳು. ಶರಣಕುಮಾರ ಸ್ಕೂಟರ್ ತೆಗೆದುಕೊಂಡು ಸೀದಾ ನಾಂಪಲ್ಲಿಗೆ ಹೋದ.

ಸ್ಟೇಷನ್ ಹತ್ತಿರದ ಓಣಿಯಲ್ಲಿ ಮೌನಪ್ಪನ ಕ್ಯಾಮೆರಾ ರಿಪೇರಿ ಅಂಗಡಿ. ಯಾದಗಿರಿ ಕಡೆಯ ಮುದುಕ, ಶರಣಕುಮಾರನಿಗೆ ಈ ಕ್ಯಾಮೆರಾ ಕೊಡಿಸಿದವನೇ ಅವನು. ಫೋಟೋ ನೋಡಿ ಅಂದ: "ಕ್ಯಾಮೆರಾ ನೆಟ್ಟಗೈತಿ ತಮ್ಮಾ. ನೀ ಪಟ್ಟಿ ತೋರ್ಸೀದಿ, ಅದು ಪಟ್ಟಿ ಹಿಡದೈತಿ."

"ಕೂಸಿನ ಮಾರಿ ಮ್ಯಾಲ ಗೆರಿನ ಇಲ್ಲ ಕಾಕಾ. ಬ್ಯಾರೆ ಸ್ಕ್ರೀನ್ ಇದ್ರ ಕೊಡ್ರಿ."

ಮೌನಪ್ಪ ಡಬ್ಬಿಯಿಂದ ಎರಡು ತೆಗೆದ. ಮೊದಲನೆಯದನ್ನು ಚಿಮುಟದಿಂದ ಒಳಗೆ ಕೂಡಿಸಿ ಕೊಟ್ಟ. ಅದರ ನಡುವೆ ಸಣ್ಣ ಸಣ್ಣ ಹರಳಿನ ಒಂದು ವೃತ್ತ. ಫೋಕಸ್ ತಪ್ಪಿದ್ದರೆ ಮಿಣಮಿಣ ಅನ್ನುತ್ತದೆ, ಸರಿಯಾದರೆ ನಿಲ್ಲುತ್ತದೆ.

"ಕಾಕಾ, ಒಳಗ ಕತ್ತಲ್ದಾಗ ಹೋಗಿ ಕೂಸಿನಂಗ ಕಣ್ಣ ಮುಚ್ಚಿ ಕೂಡ್ರಿ."

ಮೌನಪ್ಪ ಚಷ್ಮಾ ತೆಗೆದಿಟ್ಟು ಅಂಗಡಿಯ ಹಿಂಭಾಗದಲ್ಲಿ ಸ್ಟೂಲಿನ ಮೇಲೆ ಕಣ್ಣು ಮುಚ್ಚಿ ಕೂತ. ಆ ಮಬ್ಬಿನಲ್ಲಿ ಹರಳಿನ ವೃತ್ತ ಬರೀ ಕಪ್ಪು ಮರಳಾಯಿತು. ಏನೂ ತಿಳಿಯಲಿಲ್ಲ.

ಎರಡನೆಯದರಲ್ಲಿ ವೃತ್ತವೇ ಇರಲಿಲ್ಲ. ನುಣ್ಣಗೆ ಉಜ್ಜಿದ ಬರಿಯ ಪರದೆ. ಶರಣಕುಮಾರ ಲೆನ್ಸನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ತಿರುಗಿಸಿದ. ಮೌನಪ್ಪನ ಬಿಳಿಯ ರೆಪ್ಪೆಗೂದಲು ಒಂದೊಂದಾಗಿ ಮೇಲೆದ್ದು ಬಂದವು, ಇನ್ನಷ್ಟು ತಿರುಗಿಸಿದರೆ ಕರಗಿದವು. ಹಿಂದಕ್ಕೆ ತಂದ. ಮತ್ತೆ ಬಂದವು.

"ಇದನ್ನ ಹಾಕ್ರಿ ಕಾಕಾ."

"ಹಾಕ್ತೀನಿ. ಆದ್ರ ಇದರಾಗ ಸರಿ ಆತು ಅಂತ ಹೇಳಾಕ ಏನೂ ಇರಂಗಿಲ್ಲ ನೋಡು. ಗಡಿಬಿಡಿ ಮಾಡಬ್ಯಾಡ." ರೊಕ್ಕ ಕೇಳಿದರೆ ಮೌನಪ್ಪ ಕೈಯಾಡಿಸಿದ. "ಮೊದಲ ಹೋಗು."

ಆ ಸಂಜೆ ಶರಣಕುಮಾರ ಪೆಟ್ಟಿಗೆಯ ಮುಂದೆ ಬಹಳ ಹೊತ್ತು ನಿಂತ. ಹಿಡಿಯಲು ಗೆರೆಯಿಲ್ಲ, ಹಾಗಾಗಿ ಮುಖವನ್ನೇ ನೋಡಬೇಕಾಯಿತು. ಕಿವಿಯ ಮುಂದೆ ಕೂದಲಿನ ನವಿರು. ಮೇಲ್ದುಟಿಯಲ್ಲಿ ಒಂದು ಸಣ್ಣ ಮಡಿಕೆ. ಮೂಗಿನ ತುದಿ ಕೊಂಚ ಚಪ್ಪಟೆ. ಹೆದರಿಕೆ ಯಾವಾಗ ಹೋಯಿತೋ ಅವನಿಗೆ ತಿಳಿಯಲಿಲ್ಲ. ಕೂಸು ಒಂದೇ ಕಣ್ಣು ಅರೆಬರೆ ತೆರೆಯಿತು. ರೆಪ್ಪೆಗೂದಲು ಮೇಲೆದ್ದು ಬಂದವು. ಉಸಿರು ಬಿಗಿಹಿಡಿದು ಒತ್ತಿದ.

ಮುಂಜಾನೆ ಫೋಟೋ ತೊಳೆಯುವ ಲ್ಯಾಬು ತೆರೆಯುವ ಮೊದಲೇ ಹೋಗಿ ಬಾಗಿಲಲ್ಲಿ ನಿಂತಿದ್ದ. ಪ್ರಿಂಟು ಕೈಗೆ ಬಂದಾಗ ಅಲ್ಲೇ ಮೆಟ್ಟಿಲ ಮೇಲೆ ಕೂತು ನೋಡಿದ. ಮುಖ ಚೊಕ್ಕ ಬಂದಿತ್ತು.

ಕಾವ್ಯಾ ಫೋಟೋ ನೋಡಿದಳು. ಅದರ ಮೇಲೆ ಬೆರಳಿಟ್ಟು "ಅವ್ವಾ, ಇಲ್ನೋಡ! ಮೂಗು ನಮ್ಮತ್ತೀದು!" ಎಂದು ನಕ್ಕಳು. ಹೊಲಿಗೆ ಜಗ್ಗಿ ನೋವಾಯಿತು, ಹೊಟ್ಟೆ ಹಿಡಿದುಕೊಂಡೇ ನಕ್ಕಳು. ಸೂಗಮ್ಮ ಫೋಟೋಕ್ಕೆ ಕೈ ನಿವಾಳಿಸಿ ಲಟಿಕೆ ಮುರಿದಳು.

"ನಾಳೆ ನನ್ನ ಬಿಡ್ತಾರಂತ್ರಿ. ಮನಿಗೆ ಬ್ಯಾಡ, ಸೀದಾ ಅಕಿ ಕಡೆ ಕರಕೊಂಡ ಹೋಗ್ರಿ."

ಆಗ ಅವನ ಮೊಬೈಲು ರಿಂಗಾಯಿತು. ಹೊರಗೆ ಹೋದ. ಮಕ್ಕಳ ಆಸ್ಪತ್ರೆಯ ಡಾಕ್ಟರು. ಮುಂಜಾನೆ ಉಸಿರು ನಿಂತಿತು, ಬಹಳ ಪ್ರಯತ್ನಪಟ್ಟೆವು ಎಂದರು. ಒಳಗೆ ಕಾವ್ಯಾ ತಾಯಿಗೆ ತುಟಿಯ ಮಡಿಕೆ ತೋರಿಸುತ್ತಿರುವುದು ಕೇಳುತ್ತಿತ್ತು. ಅವನು ಗೋಡೆಗೆ ಕೈಯಿಟ್ಟು ನಿಂತ. ಎಷ್ಟು ನಿಂತರೂ ಒಳಗೆ ಹೋಗಲೇಬೇಕಾಗಿತ್ತು.

"ಯಾರದ್ರಿ ಫೋನು?"

ಅವನು ಅವಳ ಕಾಲ ಬಳಿ ಮಂಚದ ಮೇಲೆ ಕೂತ. ಹೇಳಿದ. ಸೂಗಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಕಾವ್ಯಾ ಅಳಲಿಲ್ಲ.

"ಯಾವಾಗ?"

"ಮುಂಜಾನೆ. ನಾ ಲ್ಯಾಬಿನ ಮುಂದ ಇದ್ದೆ."

ಅವಳು ಕೈಯಲ್ಲಿದ್ದ ಫೋಟೋ ನೋಡಿದಳು. "ಹಂಗಾರ... ನಾ ನಗುವಾಗ ಅಕಿ ಇರ್ಲೇ ಇಲ್ಲ" ಅಂದಳು. ಆಮೇಲೆ ಅವಳನ್ನು ಹಿಡಿಯುವುದು ಇಬ್ಬರಿಗೂ ಆಗಲಿಲ್ಲ.

ಡಾಕ್ಟರು ಬೇಡವೆಂದರೂ ಹೊಟ್ಟೆಗೆ ಬಟ್ಟೆ ಬಿಗಿದುಕೊಂಡು ಅವಳು ಆಟೋ ಹತ್ತಿದಳು. ಮಕ್ಕಳ ಆಸ್ಪತ್ರೆಯಲ್ಲಿ ನರ್ಸು ಬಿಳಿ ಬಟ್ಟೆಯಲ್ಲಿ ಸುತ್ತಿದ ಕೂಸನ್ನು ತಂದು ಮಡಿಲಿಗಿಟ್ಟಳು. ಕಾವ್ಯಾ ಬೆಚ್ಚಿ ಗಂಡನ ಮುಖ ನೋಡಿದಳು.

"ಇಷ್ಟು ಹಗೂರ ಇದ್ಲಾ?"

ಬಟ್ಟೆ ಬಿಚ್ಚಿದಳು. ನಳಿಗೆ ತೆಗೆದಿದ್ದರು, ಗಲ್ಲದ ಮೇಲೆ ಪಟ್ಟಿಯ ಕೆಂಪು ಗುರುತು ಉಳಿದಿತ್ತು. ಅದನ್ನು ಹೆಬ್ಬೆರಳಿಂದ ತೀಡಿದಳು. ಕಿವಿಯ ಹಿಂದೆ ನೋಡಿದಳು, ಮುಚ್ಚಿದ ಮುಷ್ಟಿ ಬಿಡಿಸಿ ನೋಡಿದಳು, ಹಿಮ್ಮಡಿ ನೋಡಿದಳು. ಪಾದ ಯಾವ ಫೋಟೋದಲ್ಲೂ ಬಂದಿರಲಿಲ್ಲ. ಶರಣಕುಮಾರನ ಕೈ ತಾನಾಗಿಯೇ ಕ್ಯಾಮೆರಾ ಚೀಲದ ಜಿಪ್ಪಿಗೆ ಹೋಯಿತು.

"ಬ್ಯಾಡ್ರಿ," ಕಾವ್ಯಾ ತಲೆಯೆತ್ತದೆ ಅಂದಳು. "ನಾ ನೋಡಾಕತ್ತೀನಿ."

ಕೂಸನ್ನು ಮಣ್ಣು ಮಾಡಲು ಕುಷಾಯಿಗೂಡದ ಕಡೆಯ ತಮ್ಮ ಜನದ ರುದ್ರಭೂಮಿಗೆ ಹೊರಟರು. ಆಟೋದಲ್ಲಿ ಸೂಗಮ್ಮ ಕೈ ಚಾಚಿದರೂ ಅವಳು ಕೂಸನ್ನು ಕೊಡಲಿಲ್ಲ. ಎದುರು ಗಾಳಿ ಬೀಸುತ್ತಿತ್ತು. ಕೂಸಿನ ಮುಖಕ್ಕೆ ಸೆರಗು ಮುಚ್ಚಿ, ದಾರಿಯುದ್ದಕ್ಕೂ ಅದು ಹಾರದಂತೆ ಹಿಡಿದುಕೊಂಡು ಕೂತಳು.