ಬಾಗಿಲ ಮೇಲಿನ ಹರಿಹರೇಶ್ವರ

ಭಾನುವಳ್ಳಿಯ ತಿಮ್ಮವ್ವ ಒಂದೇ ಬೆಳಗ್ಗೆ ಆರು ಸಲ ಸತ್ತಳು. ಸತ್ತದ್ದು ಹತ್ತಿರದ ಕರೂರಿನ ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ, ಊಟದ ಕೋಣೆಯ ಟಿವಿ ಮುಂದೆ, ಆರಾಮಾಗಿ ಕುರ್ಚಿಯಲ್ಲಿ ಕೂತು. ಬೆಂಕಿ ಬಿದ್ದರೆ ಪಾರಾಗುವುದು ಹೇಗೆಂದು ಕಲಿಸಲು ಪೂಜಾ ಮೇಡಂ ತಂದಿದ್ದ ವಿಡಿಯೊ ಗೇಮ್ ಅದು. ಕಾರ್ಖಾನೆಯ ಮೇಲಿನ ಮಹಡಿಯನ್ನೇ ಇದ್ದದ್ದು ಇದ್ದ ಹಾಗೆ ಅದರಲ್ಲಿ ಕೂರಿಸಿದ್ದರು.

ಎರಡು ನಿಮಿಷದಲ್ಲಿ ಪಾರಾಗದವರಿಗೆ ಕೆಳಗಡೆ ಪ್ಯಾಕಿಂಗ್ ಕೆಲಸ ಎಂದು ಸೂಪರ್‌ವೈಸರ್ ಬಕ್ಕೇಶ್ ಹೇಳಿಬಿಟ್ಟಿದ್ದ. ತಿಮ್ಮವ್ವನಿಗೆ ಮೇಲಿನ ಮಹಡಿ ಬಿಡಲು ಸುತರಾಂ ಮನಸ್ಸಿರಲಿಲ್ಲ. ಹನ್ನೊಂದು ವರ್ಷದಿಂದ ಅವಳ ಮಷೀನು ಮೈಲಮ್ಮನ ಮಷೀನಿನ ಪಕ್ಕ. ಗಂಡನ ಜೊತೆ ಆಡದ ಮಾತನ್ನೆಲ್ಲ ಅವಳು ಆಡಿದ್ದು ಮೈಲಮ್ಮನ ಜೊತೆ.

ಏಳನೇ ಸಲವೂ ಮುಂದಿನ ಮೆಟ್ಟಿಲಿಗೆ ಬೆಂಕಿ. ತಿಮ್ಮವ್ವ ಹಿಂಬಾಗಿಲ ತನಕ ಸರಸರ ಹೋದಳು, ನಿಂತಳು, ವಾಪಸ್ ತಿರುಗಿದಳು. ಸತ್ತಳು.

"ಬಾಗ್ಲು ತಳ್ಳೇ!" ಎಂದಳು ಆಗಲೇ ಗೆದ್ದಿದ್ದ ಮೈಲಮ್ಮ.

"ಯಾಕ್ರಿ ತಿಮ್ಮಕ್ಕ, ಅಲ್ಲಿಗೆ ಹೋಗಿ ತಿರುಗ್ತೀರಿ?" ಪೂಜಾ ಕೇಳಿದಳು.

ತಿಮ್ಮವ್ವನ ಮುಖ ಹುಳ್ಳಗಾಯಿತು. "ಬಾಗ್ಲ ಮ್ಯಾಲೆ ಹರಿಹರೇಶ್ವರ ಅದಾನಲ್ರಿ ಮೇಡಂ. ದೇವ್ರನ್ನ ತಳ್ಳಿ ಹೆಂಗೆ ಹೋಗ್ಲಿ?"

ನಿಜ. ವರ್ಷಗಟ್ಟಲೆ ಯಾರೂ ತೆಗೆಯದ ಬಾಗಿಲೆಂದು ಹೆಂಗಸರೇ ಅದಕ್ಕೆ ದೇವರ ಪಟ ತೂಗುಹಾಕಿ, ದಿನಾ ಹೂ ಮುಡಿಸುತ್ತಿದ್ದರು. ಗೇಮಿನಲ್ಲಿ ಹೂವೂ ಇತ್ತು.

"ಅದು ಆಟ ಕಣೆ! ನಾನು ತಪ್ಪಾಯ್ತಪ್ಪ ಅಂದು ಕಣ್ಮುಚ್ಚಿ ತಳ್ಳಿದೆ," ಎಂದಳು ಮೈಲಮ್ಮ.

"ನಿಜವಾಗ್ಲೂ ಬೆಂಕಿ ಬಿದ್ರೆ ತಳ್ತೀರಾ?" ಪೂಜಾ ಎಲ್ಲರನ್ನೂ ಕೇಳಿದಳು.

ಗೆದ್ದವರೂ ಇಲ್ಲವೆಂದು ತಲೆ ಆಡಿಸಿದರು.

ಆಗ ತಿಮ್ಮವ್ವ ಮೆಲ್ಲಗೆ ಬಾಯಿ ಬಿಟ್ಟಳು. "ಹೊರಗೆ ಬಂದು ಬೇವಿನ ಮರದ ಕೆಳಗೆ ಸೇರ್ರಿ ಅಂದ್ರಲ್ಲ? ದೇವ್ರನ್ನ ಅಲ್ಲಿಗೇ ಕಳಿಸಿಬಿಡ್ರಿ. ಎಲ್ಲಾರೂ ಅವನತ್ರಕ್ಕೇ ಓಡ್ತೀವಿ."

ಸೋಮವಾರ ಬಕ್ಕೇಶನೇ ಪಟ ಹೊತ್ತು ಮರದ ಬುಡದ ಕಟ್ಟೆಯ ಮೇಲೆ ಇಟ್ಟ, ಕಾಯಿ ಒಡೆದ. ಮಧ್ಯಾಹ್ನ ಗೇಮು ಬಿಟ್ಟು ನಿಜವಾದ ಸೈರನ್ನೇ ಕೂಗಿಸಿದರು. ತಿಮ್ಮವ್ವ ಮಂಡಿನೋವಿನ ಮೈಲಮ್ಮನ ಕೈ ಹಿಡಿದು ಹಿಂಬಾಗಿಲಿಗೆ ಓಡಿದಳು. ಪಟವಿದ್ದ ಜಾಗ ಬೆಳ್ಳಗೆ ಉಳಿದಿತ್ತು. ರೂಢಿಯಂತೆ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಎರಡೂ ಕೈಯಿಂದ ತಳ್ಳಿದಳು.

"ಒಂದೂವರೆ ನಿಮಿಷ! ನಿಮ್ಮ ಮಷೀನು ಅಲ್ಲೇ ಇರ್ಲಿ ತಿಮ್ಮಕ್ಕ," ಎಂದ ಬಕ್ಕೇಶ್.

ಮೈಲಮ್ಮ ಏದುಸಿರು ಬಿಡುತ್ತ ಕಟ್ಟೆಯ ಮೇಲೆ ಕುಸಿದಳು. ತಿಮ್ಮವ್ವ ಅವಳ ಕೈ ಇನ್ನೂ ಬಿಟ್ಟಿರಲಿಲ್ಲ. ಪಟದ ಕಡೆ ತಿರುಗಿ ಪ್ರೀತಿಯಿಂದಲೇ ಗದರಿದಳು:

"ನಮಗಿಂತ ಮೊದ್ಲೇ ಹೊರಗೆ ಬಂದು ಕುಂತೀಯಲ್ಲಪ್ಪಾ, ಜಾಣ!"