ಹದಿಮೂರನೆಯ ಪದ

ಇಸ್ತ್ರಿ ಅಂಗಡಿಯ ಅಕ್ಕತಂಗಿಯರಲ್ಲಿ ತಂಗಿಯ ತಲೆ ಒಡೆದು ಏಳು ತಿಂಗಳಾಗಿತ್ತು. ಅಟ್ಟದ ಏಣಿಯಿಂದ ಜಾರಿದಳು ಎಂದು ಅಕ್ಕನ ಗಂಡ, ಅವಳ ಭಾವ, ಊರಿಗೆಲ್ಲ ಹೇಳಿದ್ದ. ಅಕ್ಕ ಪಕ್ಕದಲ್ಲಿ ನಿಂತು ತಲೆಯಾಡಿಸಿದ್ದಳು. ಬಿದ್ದವಳಿಗೆ ಏನೂ ನೆನಪಿರಲಿಲ್ಲವಾದ್ದರಿಂದ ಅವಳೂ ಏಣಿಯನ್ನೇ ನಂಬಿದಳು.

ಆಮೇಲೆ ಏನು ಹೇಳಿದರೂ ತಲೆಯಲ್ಲಿ ನಿಲ್ಲದಂತಾಯಿತು. ಕಾದ ಇಸ್ತ್ರಿ ಪೆಟ್ಟಿಗೆಯನ್ನು ಅಂಗಿಯ ಮೇಲೆ ಮರೆತು ಮೂರು ಅಂಗಿ ಸುಟ್ಟಳು. ಹಳೆಯ ಗಿರಾಕಿ ಡಾಕ್ಟರೊಬ್ಬರು, ನಮ್ಮ ಆಸ್ಪತ್ರೆಯಲ್ಲಿ ತಲೆಗೆ ಸಣ್ಣ ಕರೆಂಟು ಕೊಟ್ಟು ನೆನಪು ಚುರುಕು ಮಾಡುತ್ತಾರೆ, ಕರೆದುಕೊಂಡು ಬನ್ನಿ ಎಂದರು. ಅವರೆದುರು ಬೇಡವೆನ್ನಲು ಭಾವನಿಗೆ ಬಾಯಿ ಬರಲಿಲ್ಲ. ಆದರೆ ವಾರಕ್ಕೊಮ್ಮೆ ಹೋಗುವಾಗ ಒಂದು ವಾರವೂ ಅಕ್ಕತಂಗಿಯರನ್ನಷ್ಟೇ ಕಳಿಸದೆ ತಾನೂ ಬರುತ್ತಿದ್ದ.

"ನಮ್ಮ ಮೂಗಿ ತಲೆಗೆ ವೈರಿಂಗ್ ಮಾಡಿಸ್ತಿದೀವಿ. ಇನ್ಮೇಲೆ ಮುಟ್ಟಿದ್ರೆ ಶಾಕ್ ಹೊಡೀತಾಳೆ," ಎಂದು ಆಸ್ಪತ್ರೆಯ ಕಾವಲುಗಾರನ ಮುಂದೆ ನಗುತ್ತಿದ್ದ. ಹೆಚ್ಚು ಮಾತಾಡದ ನಾದಿನಿಗೆ ಅವನಿಟ್ಟ ಹೆಸರು ಮೂಗಿ.

ನರ್ಸು ಉಪ್ಪುನೀರಿನಲ್ಲಿ ನೆನೆಸಿದ ಎರಡು ಸ್ಪಂಜುಗಳನ್ನು ರಬ್ಬರ್ ಪಟ್ಟಿಯಿಂದ ತಲೆಗೆ ಬಿಗಿಯುವಳು. ಚರ್ಮದ ಮೇಲೆ ಇರುವೆ ಹರಿದಂತಾಗುವುದು. ಆಗ ಹನ್ನೆರಡು ಪದ ಓದಿ, ಸ್ವಲ್ಪ ಹೊತ್ತು ಬಿಟ್ಟು ತಿರುಗಿ ಕೇಳುವಳು. ಮೊದಲ ವಾರ ನಾಲ್ಕು ಬಂದವು, ಐದನೆಯ ವಾರ ಹತ್ತು. ಹತ್ತರ ಜೊತೆಗೆ ಓದದೇ ಇದ್ದ ಒಂದು ಪದವೂ ಬಂತು.

"ಬಿಡು."

ಅದು ಪಟ್ಟಿಯಲ್ಲಿಲ್ಲ ಎಂದು ನರ್ಸು ಗೀಟು ಹಾಕಿದಳು. ಅಕ್ಕ ಮಾತ್ರ ಸೆರಗಿನಿಂದ ಕತ್ತು ಮುಚ್ಚಿಕೊಂಡಳು.

ಆರನೆಯ ವಾರ ಹನ್ನೆರಡೂ ಬಂದವು. "ಕೊಡೆ, ಗಾಜು, ಸೇತುವೆ..." ಎಂದು ಕೊನೆಯವರೆಗೆ ಹೇಳಿ, ತಂಗಿ ಮತ್ತೆ "ಬಿಡು" ಎಂದಳು.

ಇಷ್ಟು ವಾಸಿಯಾಗಿದ್ದು ಸಾಕು ಎಂದು ಮೂಲೆಯಲ್ಲಿ ಕೂತಿದ್ದ ಭಾವ ಎದ್ದು ಬಂದು ಅವಳ ತಲೆಯ ರಬ್ಬರ್ ಪಟ್ಟಿಯನ್ನು ಕಿತ್ತೆಳೆದ. ಅವನ ಬೆರಳು ಕಿವಿಯ ಮೇಲಿನ ಹಳೆಯ ಗಾಯಕ್ಕೆ ತಾಗಿತು. ತಲೆ ಒಡೆದ ಆ ಮಧ್ಯಾಹ್ನ ಇಡಿಯಾಗಿ ಅವಳ ಕಣ್ಣೆದುರು ಬಂದು ನಿಂತಿತು.

ಅಂಗಡಿಯಲ್ಲಿ ದೊಡ್ಡ ಹೊದಿಕೆಗಳನ್ನು ಮಡಿಸುವಾಗ ಅಕ್ಕ ಎರಡೇ ಮಾತು ಆಡುತ್ತಿದ್ದಳು. "ಹಿಡಿ" ಎಂದರೆ ತಂಗಿ ಅಂಚು ಹಿಡಿಯಬೇಕು, "ಬಿಡು" ಎಂದರೆ ತಕ್ಷಣ ಬಿಡಬೇಕು. ಒಂಬತ್ತು ವರ್ಷಗಳ ರೂಢಿ. ಆ ದಿನ ಭಾವ ಅಕ್ಕನ ಕತ್ತು ಹಿಸುಕುತ್ತಿದ್ದ. ತಂಗಿ ಹಿಂದಿನಿಂದ ಅವನ ತೋಳುಗಳನ್ನು ಸುತ್ತಿ ಹಿಡಿದು ಎಳೆದಿದ್ದಳು. ಉಸಿರು ಸಿಗದ ಅಕ್ಕ ಗಂಡನಿಗೆ "ಬಿಡು" ಎಂದಳು. ಕೈ ಬಿಟ್ಟವಳು ತಂಗಿ. ಅವನು ತಿರುಗಿ, ಮೇಜಿನ ಮೇಲಿದ್ದ ಕಾದ ಪೆಟ್ಟಿಗೆಯನ್ನೆತ್ತಿ ಅವಳ ತಲೆಗೆ ಎರಡು ಸಲ ಅಪ್ಪಳಿಸಿದ. ಸುಟ್ಟ ಕೂದಲಿನ ವಾಸನೆ ಅವಳ ಮೂಗಿಗೆ ಈಗಲೂ ಹೊಡೆಯಿತು.

"ಏಣಿ ಅಲ್ಲ ಅಕ್ಕ. ನಾನು ಬಿದ್ದಿಲ್ಲ."

ಭಾವ ಅವಳ ಬಾಯಿಗೆ ಗುದ್ದಿದ. ಹಲ್ಲೊಂದು ಮುರಿದು ನಾಲಿಗೆಯ ಮೇಲೆ ಬಿತ್ತು. ನರ್ಸು ಕಾವಲುಗಾರನನ್ನು ಕರೆಯಲು ಓಡಿದಳು. ಇವಳ ಹತ್ತಿರ ಬಾಯಿಬಿಟ್ಟವಳು ನೀನೇ ಎನ್ನುತ್ತ ಅವನು ಅಕ್ಕನ ಕತ್ತಿಗೆ ಕೈ ಹಾಕಿ, ಅವಳ ತಲೆಯನ್ನು ಕೋಣೆಯ ಔಷಧಿ ಬೀರುವಿಗೆ ಜಜ್ಜಿದ. ಬೀರುವಿನ ಗಾಜು ಒಡೆದು ಅಕ್ಕನ ಹಣೆಯಿಂದ ರಕ್ತ ಇಳಿಯಿತು.

ತಂಗಿ ಹಿಂದಿನಿಂದ ಹಾರಿ ಅವನ ತೋಳುಗಳನ್ನು ಸುತ್ತಿ ಹಿಡಿದಳು. ಅವನು ಹಿಂದಕ್ಕೆ ನುಗ್ಗಿ ಅವಳ ಬೆನ್ನನ್ನು ಗೋಡೆಗೆ ಕುಟ್ಟಿದ, ಮೊಣಕೈಯಿಂದ ಪಕ್ಕೆಗೆ ತಿವಿದ. ಒಳಗೆ ಏನೋ ಮುರಿದ ಸದ್ದು ಅವಳಿಗೆ ಕೇಳಿಸಿತು.

ಅಕ್ಕನ ತುಟಿ ಅಲುಗಿತು. ಏಳು ತಿಂಗಳು ಏಣಿಯ ಕಥೆಗೆ ತಲೆಯಾಡಿಸಿದವಳು ಏನು ಹೇಳುತ್ತಾಳೆಂಬ ಹೆದರಿಕೆಗೇ ತಂಗಿಯ ಬೆರಳುಗಳು ತಾವಾಗಿ ಸಡಿಲವಾಗತೊಡಗಿದವು.

"ಹಿಡಿ," ಎಂದಳು ಅಕ್ಕ. "ಹಿಡ್ಕೋ ಕಣೇ."

ತಂಗಿ ಬೆರಳಿಗೆ ಬೆರಳು ಹೆಣೆದಳು. ಅವನು ಬಾಗಿ ಅವಳ ಮಣಿಕಟ್ಟನ್ನು ಮೂಳೆ ಸಿಗುವವರೆಗೆ ಕಚ್ಚಿದ. ಕಾವಲುಗಾರ ಬಂದು, ಸಾಕಮ್ಮ, ನಾನು ಹಿಡಿದಿದ್ದೇನೆ, ಇನ್ನು ಬಿಡಿ ಎಂದು ಎಷ್ಟು ಹೇಳಿದರೂ ಅವಳು ಬಿಡಲಿಲ್ಲ. ಹೇಳಬೇಕಾದವಳು ಅಕ್ಕ. ಅಕ್ಕ ಗೋಡೆ ಹಿಡಿದು ಎದ್ದು ನಿಂತು, ಕಾವಲುಗಾರ ಗಂಡನ ಕೈಗಳನ್ನು ಕಟ್ಟಿ ಆಯಿತೇ ಎಂದು ನೋಡಿ, ಆಮೇಲೆ ಆ ಪದ ಹೇಳಿದಳು.